ಫಿಲ್ಟರಪ್ಪನವರ ಒಂದು ಸಾಲಿನ ಮದ್ದು

ಪ್ರತಿ ಸಾಫ್ಟ್‌ವೇರ್ ಆಫೀಸಿನಲ್ಲೂ ಒಬ್ಬರು ಫಿಲ್ಟರಪ್ಪ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬೇರೆ ಇರಬಹುದು, ಹುದ್ದೆಯ ಹಿಂದೆ ‘ಸೀನಿಯರ್’ ಎಂಬ ಬಿರುದು ಇರಬಹುದು. ಸ್ವಭಾವ ಮಾತ್ರ ಎಲ್ಲ ಕಡೆಯೂ ಒಂದೇ. ಹೊರಗಿನವರು ತುಂಬಿ ಕಳಿಸಿದ ಪಠ್ಯದೊಳಗೆ ಸ್ಕ್ರಿಪ್ಟ್ ಅಡಗಿಕೊಂಡು ಬರುತ್ತಿದೆ, ಅದು ನಮ್ಮ ಪುಟದಲ್ಲಿ ಓಡಿಬಿಟ್ಟರೆ ಅನಾಹುತ ಎಂದು ಯಾರಾದರೂ ಗಾಬರಿಯಿಂದ ಹೇಳಿದರೆ ಅವರು ಕುರ್ಚಿಗೆ ಒರಗಿಕೊಂಡೇ ನಗುತ್ತಾರೆ. ‘ಅಷ್ಟೇ ತಾನೇ? ಸ್ಕ್ರಿಪ್ಟ್ ಅನ್ನೋ ಟ್ಯಾಗ್ ಹುಡುಕು, ಅಳಿಸು. ಒಂದು ಸಾಲಿನ ಕೆಲಸ.’ ಸಾಲು ಬರೆದದ್ದೂ ಆಯಿತು, ‘ಭದ್ರತೆ’ ಎಂಬ ಕಾಲಮಿನಲ್ಲಿ ಹಸಿರು ಟಿಕ್ ಬಿದ್ದದ್ದೂ ಆಯಿತು, ಎಲ್ಲರೂ ಕಾಫಿಗೆ ಎದ್ದದ್ದೂ ಆಯಿತು. ಇಂಥ ಮಹಿಮಾನ್ವಿತ ಸಾಲು ಇಷ್ಟು ವರ್ಷ ಜಗತ್ತನ್ನು ಹೇಗೆಲ್ಲ ಕಾಪಾಡಿದೆ ಎಂಬ ಪುಣ್ಯಕಥೆಯನ್ನು ಯಾರೂ ಸರಿಯಾಗಿ ಹೇಳಿಲ್ಲ. ಆ ಕೊರತೆ ನೀಗಿಸುವುದು ಈ ಬರಹದ ಉದ್ದೇಶ.

ಮದ್ದಿಗಿಂತ ಮೊದಲು ರೋಗ ಏನೆಂದು ತಿಳಿಯಬೇಕು. ವೆಬ್ ಪುಟ ಎಂಬುದು ಒಂದು ಉದ್ದನೆಯ ಅಕ್ಷರಮಾಲೆ. ಅದರಲ್ಲಿ ನಾವು ಓದುವ ಮಾತೂ ಇರುತ್ತದೆ, ಕೋನಾಕಾರದ ಆವರಣಗಳೊಳಗೆ ‘ಇದನ್ನು ದಪ್ಪಗೆ ತೋರಿಸು’, ‘ಇಲ್ಲಿ ಚಿತ್ರ ಹಾಕು’ ಎಂದು ಬ್ರೌಸರಿಗೆ ಕೊಟ್ಟ ಅಪ್ಪಣೆಯೂ ಇರುತ್ತದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಕಟ್ಟಿಕೊಟ್ಟ ಮೇಲೆ ‘ಈ ಕೋಡ್ ಓಡಿಸು’ ಎಂಬ ಅಪ್ಪಣೆಯೂ ಅದೇ ಮಾಲೆಯೊಳಗೆ ಬಂದು ಕೂತಿತು. ಬ್ರೌಸರ್ ಮಹಾ ಸಮದರ್ಶಿ. ಅಪ್ಪಣೆ ಬರೆದದ್ದು ಪುಟದ ಯಜಮಾನನೋ, ಅಥವಾ ‘ನಿಮ್ಮ ಹೆಸರು’ ಎಂಬ ಖಾನೆಯಲ್ಲಿ ಹೆಸರಿನ ಬದಲು ಕೋಡ್ ತುಂಬಿದ ದಾರಿಹೋಕನೋ ಎಂದು ಅದು ವಿಚಾರಿಸುವುದಿಲ್ಲ. ಬ್ಯಾಂಕಿನ ಪುಟದಲ್ಲಿ ಓಡಿದ್ದೆಲ್ಲ ಬ್ಯಾಂಕಿನ ಕೋಡ್. ನೀವು ಲಾಗಿನ್ ಆಗಿದ್ದರೆ ಅದೂ ನಿಮ್ಮ ಹೆಸರಿನಲ್ಲೇ ಒಳಗಿದೆ, ನಿಮಗಿರುವ ಅಧಿಕಾರವೆಲ್ಲ ಅದಕ್ಕೂ ಇದೆ. 2000ದ ಆರಂಭದಲ್ಲಿ ಮೈಕ್ರೋಸಾಫ್ಟ್ ಎಂಜಿನಿಯರುಗಳು ಈ ರೋಗಕ್ಕೆ ‘ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್’ ಎಂದು ಹೆಸರಿಟ್ಟರು. ಆ ಫೆಬ್ರವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಭದ್ರತೆಯ ಸರ್ಟ್ ಕೇಂದ್ರ ಲೋಕಕ್ಕೆಲ್ಲ ಡಂಗುರ ಸಾರಿತು. ಡಂಗುರ ಕೇಳಿದವರಲ್ಲಿ ಕೆಲವರು ಕಾರಣ ಹುಡುಕಲು ಕೂತರು. ಮಿಕ್ಕವರು ಫಿಲ್ಟರಪ್ಪನವರನ್ನು ಕರೆದರು.

ಫಿಲ್ಟರಪ್ಪನವರ ಮೊದಲ ಮದ್ದು ಎಷ್ಟು ದಿವ್ಯವೆಂದರೆ ಅದನ್ನು ಸೋಲಿಸಲು ಪ್ರೈಮರಿ ಶಾಲೆಯ ವ್ಯಾಕರಣ ಸಾಕು. ಅವರ ಸಾಲು ‘ಸ್ಕ್ರಿಪ್ಟ್’ ಎಂಬುದನ್ನು ಹುಡುಕಿ ಅಳಿಸುತ್ತದೆ, ಸರಿ. ಎದುರಾಳಿ ‘ಸ್ಕ್ರಿಸ್ಕ್ರಿಪ್ಟ್‌ಪ್ಟ್’ ಎಂದು ಬರೆದು ಕಳಿಸುತ್ತಾನೆ. ಫಿಲ್ಟರಪ್ಪ ನಡುವಿನ ‘ಸ್ಕ್ರಿಪ್ಟ್’ ಅನ್ನು ಕರ್ತವ್ಯನಿಷ್ಠೆಯಿಂದ ಕಿತ್ತು ಹಾಕುತ್ತಾರೆ. ಆಚೀಚೆ ಉಳಿದ ಎರಡು ತುಂಡುಗಳು ಕೂಡಿಕೊಂಡು ಮತ್ತೆ ‘ಸ್ಕ್ರಿಪ್ಟ್’ ಆಗುತ್ತವೆ. ಅಂದರೆ ಕಳ್ಳ ಬಿಡಿಭಾಗ ಮಾತ್ರ ತಂದ, ಜೋಡಿಸಿಕೊಟ್ಟವರು ಫಿಲ್ಟರಪ್ಪ! ಇದು ತಿಳಿದ ಮೇಲೆ ಅವರು ಎರಡು ಸಲ ಅಳಿಸಲು ಶುರುಮಾಡಿದರು, ಎದುರಾಳಿ ಮೂರು ಸಲ ಹುದುಗಿಸಿದ. ಇವರು ಸಣ್ಣಕ್ಷರ ಹುಡುಕಿದರೆ ಅವನು ದೊಡ್ಡಕ್ಷರ ಬೆರೆಸಿದ. ಇವರು ಮುಕ್ತಾಯದ ಟ್ಯಾಗಿಗೆ ಕಾದು ಕೂತರೆ ಅವನು ಅದರೊಳಗೆ ಒಂದು ಖಾಲಿ ಜಾಗ ಬಿಟ್ಟ. ಬ್ರೌಸರ್ ‘ಇರಲಿ ಬಿಡಿ, ಅರ್ಥವಾಯಿತು’ ಎಂದು ಅದನ್ನೂ ಒಪ್ಪಿಕೊಂಡಿತು, ಫಿಲ್ಟರಪ್ಪನವರ ಸಾಲಿಗೆ ಮಾತ್ರ ಅರ್ಥವಾಗಲಿಲ್ಲ. ಕೆಟ್ಟದಾಗಿ ಬರೆದ ಪುಟವನ್ನೂ ಹೇಗೋ ತೋರಿಸಿಬಿಡಬೇಕೆಂಬ ಔದಾರ್ಯ ಬ್ರೌಸರುಗಳಿಗೆ ಹುಟ್ಟಿನಿಂದ ಬಂದದ್ದು. ಚಾಪೆ ಕೆಳಗೆ ನುಗ್ಗಿದವನನ್ನು ಹಿಡಿಯಲು ಹೋದರೆ ರಂಗೋಲಿ ಕೆಳಗೆ ನುಗ್ಗಿದ ಎಂಬ ನಮ್ಮ ಗಾದೆಯನ್ನು ಎದುರಾಳಿಗಳು ಓದಿರಲಾರರು. ಪಾಲಿಸುವುದರಲ್ಲಿ ಮಾತ್ರ ಲೋಪವಿಲ್ಲ.

ಈ ಆಟದ ಮಹಾಪರ್ವ ನಡೆದದ್ದು 2005ರಲ್ಲಿ. ಮೈಸ್ಪೇಸ್ ಆಗ ಅಮೆರಿಕದ ಹುಡುಗ ಹುಡುಗಿಯರ ಜಗಲಿಕಟ್ಟೆ. ರೂಪರ್ಟ್ ಮರ್ಡೋಕ್ ಅವರ ನ್ಯೂಸ್ ಕಾರ್ಪ್ ಆ ಜುಲೈನಲ್ಲಷ್ಟೇ 58 ಕೋಟಿ ಡಾಲರಿಗೆ ಅದರ ಖರೀದಿ ಘೋಷಿಸಿತ್ತು. 58 ಕೋಟಿಯ ಮನೆಗೆ ಫಿಲ್ಟರಪ್ಪನವರ ಕಾವಲು ಇಲ್ಲದಿರುತ್ತದೆಯೇ? ಸ್ಕ್ರಿಪ್ಟ್ ಟ್ಯಾಗಿಗೆ ಪ್ರವೇಶವಿಲ್ಲ. ‘ಜಾವಾಸ್ಕ್ರಿಪ್ಟ್’ ಎಂಬ ಪದ ಎಲ್ಲಿ ಕಂಡರೂ ಕತ್ತರಿ. ಪುಟದ ಒಳಭಾಗವನ್ನು ಮುಟ್ಟುವ ‘ಇನ್ನರ್ ಎಚ್‌ಟಿಎಂಎಲ್’ ಎಂಬ ಪದವೂ ನಿಷಿದ್ಧ. ಸ್ಯಾಮಿ ಕಾಮ್ಕರ್ ಎಂಬ 19ರ ಹುಡುಗ ಅಕ್ಟೋಬರ್ 4ರಂದು ಈ ಕಾವಲನ್ನು ಸುಮ್ಮನೆ ಪರೀಕ್ಷಿಸಿ ನೋಡಿದ. ಸ್ಕ್ರಿಪ್ಟ್ ಟ್ಯಾಗ್ ಅವನು ಬಳಸಲೇ ಇಲ್ಲ. ಹಿನ್ನೆಲೆಗೆ ಬಣ್ಣ, ಚಿತ್ರ ಹಾಕಿಕೊಳ್ಳಲು ಮೈಸ್ಪೇಸ್ ಕೊಟ್ಟಿದ್ದ ಅಲಂಕಾರದ ಸೌಲಭ್ಯದೊಳಗೆ ಕೋಡ್ ಇಟ್ಟ. ‘ಜಾವಾ’ ಎಂದು ಬರೆದು, ಸಾಲು ಮುರಿದು, ಮುಂದಿನ ಸಾಲಿನಲ್ಲಿ ‘ಸ್ಕ್ರಿಪ್ಟ್’ ಎಂದು ಬರೆದ. ಫಿಲ್ಟರಿಗೆ ಅವು ಎರಡು ಬೇರೆ ಬೇರೆ ಮಾತು, ಕೆಲವು ಬ್ರೌಸರುಗಳಿಗೆ ಒಂದೇ ಮಾತು. ನಿಷಿದ್ಧವಾದ ಇನ್ನೊಂದು ಪದವನ್ನು ಎರಡು ತುಂಡು ಮಾಡಿ, ಓಡುವ ಹೊತ್ತಿಗೆ ಕೂಡಿಸಿಕೊಂಡ. ಉದ್ಧರಣ ಚಿಹ್ನೆ ಬಿಡುವುದಿಲ್ಲವೆಂದರೆ ಅದರ ಸಂಖ್ಯೆ ಹೇಳಿ ತರಿಸಿಕೊಂಡ.

ಅವನ ಪ್ರೊಫೈಲ್ ನೋಡಿದವರೆಲ್ಲ ತಮಗೆ ಅರಿವಿಲ್ಲದೆಯೇ ಅವನ ಗೆಳೆಯರಾದರು, ಕೋಡ್ ಅವರ ಪ್ರೊಫೈಲಿಗೂ ಅಂಟಿಕೊಂಡಿತು, ಅವರನ್ನು ನೋಡಿದವರಿಗೂ ಹತ್ತಿತು. ಸುಮಾರು 20 ಗಂಟೆಗಳಲ್ಲಿ ಸ್ಯಾಮಿಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಗೆಳೆಯರು. ಚುನಾವಣೆಗೆ ನಿಲ್ಲುವವರಿಗೂ ಇಷ್ಟು ಬೇಗ ಇಷ್ಟು ಜನ ಸೇರುವುದಿಲ್ಲ. ಮೈಸ್ಪೇಸ್ ಬಾಗಿಲು ಮುಚ್ಚಿ ಗುಡಿಸಬೇಕಾಯಿತು. ಹುಡುಗನ ಮನೆಗೆ ಪೊಲೀಸ್ ಶೋಧ ಬಂತು. 2007ರಲ್ಲಿ ಅವನು ತಪ್ಪೊಪ್ಪಿಕೊಂಡು ಮೂರು ವರ್ಷ ಪ್ರೊಬೇಷನ್, ಸಮಾಜಸೇವೆ, ಪರಿಹಾರ, ಕಂಪ್ಯೂಟರ್ ಬಳಕೆಗೆ ನಿರ್ಬಂಧ ಎಲ್ಲವನ್ನೂ ಪಡೆದ. ಅಳಿಸುವ ಸಾಲನ್ನು ಬರೆದವರಿಗೆ ಏನಾಯಿತೆಂದು ಇತಿಹಾಸ ದಾಖಲಿಸಿಲ್ಲ. ಪ್ರಮೋಷನ್ ಆಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇಷ್ಟಾದರೂ ಫಿಲ್ಟರಪ್ಪನವರಿಗೆ ‘ಸ್ಕ್ರಿಪ್ಟ್’ ಎಂಬ ಹೆಸರಿನ ಮೇಲೆಯೇ ಕಣ್ಣು. ಹೆಸರು ಹೇಳದೆಯೂ ಕೋಡ್ ಓಡುತ್ತದೆ ಎಂಬುದನ್ನು ಅವರು ನಂಬಲೊಲ್ಲರು. ಚಿತ್ರ ಸಿಗದಿದ್ದರೆ ಹೀಗೆ ಮಾಡು, ಪುಟ ತೆರೆದ ಕೂಡಲೇ ಹಾಗೆ ಮಾಡು, ಮೌಸ್ ಮೇಲೆ ಹಾದರೆ ಇದನ್ನು ಮಾಡು ಎಂದು ಯಾವ ಟ್ಯಾಗಿಗೆ ಬೇಕಾದರೂ ಕೋಡ್ ಕಟ್ಟಬಹುದು. 2010ರ ಸೆಪ್ಟೆಂಬರ್ 21ರಂದು ಟ್ವಿಟರ್‌ನಲ್ಲಿ ನಡೆದದ್ದು ಇದೇ. ಒಂದು ಲಿಂಕಿನ ಹೊಟ್ಟೆಯಲ್ಲಿ ಸರಿಯಾದ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಇಟ್ಟರೆ ಸಾಕು, ಅದರ ಮುಂದಿನದೆಲ್ಲ ಅಪ್ಪಣೆಯಾಗಿಬಿಡುತ್ತಿತ್ತು. ಕ್ಲಿಕ್ ಮಾಡುವುದೂ ಬೇಡ, ಟ್ವೀಟಿನ ಮೇಲೆ ಮೌಸ್ ಸುಳಿದರೆ ಸಾಕು. ಬ್ರಿಟನ್ನಿನ ಮಾಜಿ ಪ್ರಧಾನಿ ಗಾರ್ಡನ್ ಬ್ರೌನ್ ಅವರ ಪತ್ನಿ ಸಾರಾ ಬ್ರೌನ್ ಅವರ ಪುಟದಿಂದ ಜನ ಜಪಾನಿನ ಅಶ್ಲೀಲ ತಾಣವೊಂದಕ್ಕೆ ರವಾನೆಯಾದರು. ಶ್ವೇತಭವನದ ಪತ್ರಿಕಾ ಕಾರ್ಯದರ್ಶಿ ರಾಬರ್ಟ್ ಗಿಬ್ಸ್ ಅವರ ಖಾತೆಗೂ ಸೋಂಕು ತಗುಲಿತು. ಅತ್ಯಂತ ರಸವತ್ತಾದ ಸಂಗತಿ ಬಂದದ್ದು ಕಂಪನಿಯ ವಿವರಣೆಯಲ್ಲಿ: ಈ ತೂತನ್ನು ಹಿಂದಿನ ತಿಂಗಳೇ ಮುಚ್ಚಿದ್ದರಂತೆ, ಮುಂದಿನ ಅಪ್‌ಡೇಟಿನಲ್ಲಿ ಅದು ತಾನಾಗಿ ಮತ್ತೆ ತೆರೆದುಕೊಂಡಿತಂತೆ. ನಮ್ಮ ರಸ್ತೆಗುಂಡಿಗಳ ಗುತ್ತಿಗೆದಾರರು ಅಲ್ಲಿಗೂ ಹೋಗಿದ್ದರೋ ಏನೋ.

2014ರ ಜೂನ್ 11ರಂದು ಟ್ವೀಟ್‌ಡೆಕ್ ಎಂಬ ಟ್ವಿಟರ್‌ನ ಇನ್ನೊಂದು ಸಾಧನಕ್ಕೆ ಬಂದ ಗಂಡಾಂತರದ ಮೂಲ ಒಂದು ಪುಟ್ಟ ಹೃದಯದ ಚಿಹ್ನೆ. ಸುಮ್ಮನೆ ಪಠ್ಯವಾಗಿ ತೋರಿಸಬೇಕಾಗಿದ್ದ ಟ್ವೀಟು, ಅದರಲ್ಲಿ ಹೃದಯವೊಂದು ಇದ್ದರೆ ಕೋಡ್ ಆಗಿ ಓಡುತ್ತಿತ್ತು. ಆಸ್ಟ್ರಿಯಾದ ಹದಿಹರೆಯದವನೊಬ್ಬ ಇದನ್ನು ಕಂಡುಹಿಡಿದ, ಉಳಿದವರು ಹಬ್ಬ ಮಾಡಿದರು. ತನ್ನನ್ನು ತಾನೇ ರೀಟ್ವೀಟ್ ಮಾಡಿಸಿಕೊಳ್ಳುವ ಟ್ವೀಟೊಂದು ಹತ್ತಾರು ಸಾವಿರ ಖಾತೆಗಳಿಗೆ ಹರಡಿತು. ಬಿಬಿಸಿಯ ಬ್ರೇಕಿಂಗ್ ನ್ಯೂಸ್ ಖಾತೆಯೂ ಅದನ್ನು ಭಕ್ತಿಯಿಂದ ಹಂಚಿತು. ಹೃದಯ ಒಡೆದದ್ದಕ್ಕೆ ಸಾಮ್ರಾಜ್ಯಗಳು ಉರುಳಿದ ಕಥೆಗಳುಂಟು, ಇಲ್ಲಿ ಒಡೆಯದೆಯೇ ಉರುಳಿತು.

ಕಳ್ಳರ ವಿಷಯ ಅಲ್ಲಿಗಿರಲಿ. ಸಜ್ಜನರಿಗೆ ಫಿಲ್ಟರಪ್ಪ ಮಾಡಿದ ಉಪಕಾರ ನೋಡೋಣ. ಯಾಹೂ ಮೇಲ್ ಒಂದು ಕಾಲದಲ್ಲಿ ಅಪಾಯಕಾರಿ ಪದಗಳನ್ನು ಅಳಿಸುವ ಬದಲು ತಿದ್ದಿ ಬರೆಯುವ ಸೌಮ್ಯ ಮಾರ್ಗ ಹಿಡಿಯಿತು. ಪಠ್ಯವನ್ನು ಕೋಡ್ ಆಗಿ ಓಡಿಸುವ ‘ಇವಾಲ್’ ಎಂಬ ಜಾವಾಸ್ಕ್ರಿಪ್ಟ್ ಪದ ಕಂಡರೆ ಅದರ ಜಾಗದಲ್ಲಿ ‘ರಿವ್ಯೂ’ ಎಂದು ಹಾಕುವುದು. ಆದರೆ ಮಧ್ಯಯುಗವನ್ನು ಹೇಳುವ ಇಂಗ್ಲಿಷ್ ಪದ ‘ಮೆಡೀವಲ್’ ಮುಗಿಯುವುದೂ ಅದೇ ನಾಲ್ಕು ಅಕ್ಷರಗಳಿಂದ. ಇತಿಹಾಸದ ಮೇಷ್ಟರು ‘ಮೆಡೀವಲ್ ಯುರೋಪ್’ ಎಂದು ಬರೆದು ಕಳಿಸಿದರೆ ಶಿಷ್ಯನಿಗೆ ತಲುಪಿದ್ದು ‘ಮೆಡಿರಿವ್ಯೂ ಯುರೋಪ್’. ‘ಎಕ್ಸ್‌ಪ್ರೆಶನ್’ ಎಂದು ಬರೆದರೆ ‘ಸ್ಟೇಟ್‌ಮೆಂಟ್’ ಆಯಿತು. ಜಾವಾಸ್ಕ್ರಿಪ್ಟಿಗೆ ಹುಟ್ಟಿದಾಗ ಇಟ್ಟ ಹೆಸರು ಮೋಕಾ, ಆದ್ದರಿಂದ ಯಾರಾದರೂ ಗೆಳತಿಯನ್ನು ಮೋಕಾ ಕಾಫಿಗೆ ಕರೆದರೆ ಯಾಹೂ ಅವಳನ್ನು ಎಸ್ಪ್ರೆಸೊಗೆ ಕರೆಯಿತು. ಈ ಲೀಲೆ 2002ರಲ್ಲಿ ಬಯಲಾಗುವ ಹೊತ್ತಿಗೆ ‘ಮೆಡಿರಿವ್ಯೂ’ ಎಂಬ ಹೊಸ ಯುಗ ನೂರಾರು ಪುಟಗಳಲ್ಲಿ ಸ್ಥಾಪಿತವಾಗಿತ್ತು. ಚಕ್ರವರ್ತಿಗಳು ಯುದ್ಧ ಮಾಡಿ ಯುಗ ಬದಲಿಸುತ್ತಿದ್ದರು, ಫಿಲ್ಟರಪ್ಪ ಅದನ್ನು ಹುಡುಕು-ಬದಲಿಸು ಗುಂಡಿಯಲ್ಲಿ ಸಾಧಿಸಿದರು.

ಪಿಎಚ್‌ಪಿ ಭಾಷೆಯಲ್ಲಿ ‘ಸ್ಟ್ರಿಪ್ ಟ್ಯಾಗ್ಸ್’ ಎಂಬ ಸಿದ್ಧೌಷಧಿಯೇ ಇದೆ, ಪಠ್ಯದಲ್ಲಿ ಟ್ಯಾಗ್ ಕಂಡರೆ ನುಂಗುವುದು ಅದರ ಕೆಲಸ. ಇದನ್ನು ಸ್ಕ್ರಿಪ್ಟ್ ದಾಳಿ ತಡೆಯಲು ಬಳಸಬೇಡಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಕೈಪಿಡಿ ಓದುವ ದುಶ್ಚಟ ಫಿಲ್ಟರಪ್ಪನವರಿಗಿಲ್ಲ. ಪ್ರೇಮಿಯೊಬ್ಬ ‘ನಾನು <3 ನಿನ್ನನ್ನು’ ಎಂದು ಕಳಿಸಿದರೆ ಈ ಔಷಧಿ ಹೃದಯದ ಈ ಗುರುತನ್ನು ಟ್ಯಾಗಿನ ಆರಂಭವೆಂದು ತಿಳಿದು ಮುಂದಿನದೆಲ್ಲ ಸ್ವಾಹಾ ಮಾಡುತ್ತದೆ. ಹುಡುಗಿಗೆ ತಲುಪುವುದು ‘ನಾನು’ ಒಂದೇ. ಅವಳು ಅವನನ್ನು ಅಹಂಕಾರಿ ಎಂದುಕೊಂಡರೆ ತಪ್ಪು ಯಾರದು?

ನಮ್ಮ ಕಡೆಗೆ ಬನ್ನಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದಕ್ಕೆ ನಮ್ಮ ಆನ್‌ಲೈನ್ ಅರ್ಜಿಗಳಷ್ಟು ನಿಷ್ಠಾವಂತ ಉದಾಹರಣೆ ಬೇರೆ ಬೇಡ. ಬೆಂಗಳೂರಿನ ವಿಳಾಸ ಶುರುವಾಗುವುದೇ # ಚಿಹ್ನೆಯಿಂದ, ಅದರ ಬೆನ್ನಿಗೆ 45/1 ಎಂಬ ಓರೆಗೆರೆ. ಅರ್ಜಿಯ ಖಾನೆ ಕೂಡಲೇ ಕೆಂಪಾಗಿ ‘ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’ ಎನ್ನುತ್ತದೆ. ಅದೇ ಪುಟದ ಕೆಳಗೆ ಪಾಸ್‌ವರ್ಡಿನ ಖಾನೆ ‘ಒಂದಾದರೂ ವಿಶೇಷ ಚಿಹ್ನೆ ಕಡ್ಡಾಯ’ ಎನ್ನುತ್ತದೆ. ಮಂಗಳೂರಿನ ಡಿ’ಸೋಜ, ಡಿ’ಕೋಸ್ಟ ಮನೆತನದವರ ಹೆಸರಿನಲ್ಲಿ ತಲೆತಲಾಂತರದಿಂದ ಬಂದ ಕೊಂಡಿ ಚಿಹ್ನೆ ಈ ಅರ್ಜಿಗಳ ಕಣ್ಣಲ್ಲಿ ಭಯೋತ್ಪಾದಕ. ಚಿಹ್ನೆ ಬಿಟ್ಟು ತುಂಬಿದರೆ ಹೆಸರು ಆಧಾರ್ ಜೊತೆ ತಾಳೆಯಾಗುವುದಿಲ್ಲ, ಹಾಕಿದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಹೆಸರು ಬರೆದಿರೋ, ಇನ್ನೂ ಮಜ. ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುವ ಫಿಲ್ಟರ್ ಇಡೀ ಹೆಸರನ್ನು ನುಂಗಿ, ಬಾಯಿ ಒರೆಸಿಕೊಂಡು, ‘ದಯವಿಟ್ಟು ಹೆಸರು ತುಂಬಿ’ ಎನ್ನುತ್ತದೆ. ಸ್ವಲ್ಪ ಓದಿಕೊಂಡ ಫಿಲ್ಟರ್ ಕನ್ನಡವನ್ನು ಬಿಡುತ್ತದೆ, ಕಣ್ಣಿಗೆ ಕಾಣದ ಅಕ್ಷರಗಳನ್ನು ಮಾತ್ರ ಅನುಮಾನಿಸಿ ಕೀಳುತ್ತದೆ. ಅರ್ಧಾಕ್ಷರವನ್ನು ಮುಂದಿನದಕ್ಕೆ ಅಂಟದಂತೆ ಹಿಡಿಯುವುದು ಅಂಥದೊಂದು ಅಗೋಚರ ಅಕ್ಷರವೇ. ಅದನ್ನು ಕಿತ್ತರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತಾರೆ. ಇಷ್ಟೆಲ್ಲ ಬರೆ ಹಾಕಿಸಿಕೊಂಡ ಎಮ್ಮೆಗಳಲ್ಲಿ ಒಂದಾದರೂ ಹ್ಯಾಕರ್ ಇತ್ತೇ ಎಂದು ಕೇಳಬೇಡಿ. ಹ್ಯಾಕರ್ ಅರ್ಜಿಯ ಖಾನೆಯನ್ನು ಮುಟ್ಟುವುದೂ ಇಲ್ಲ, ಬ್ರೌಸರನ್ನು ದಾಟಿ ನೇರವಾಗಿ ಸರ್ವರಿಗೇ ಕಳಿಸುತ್ತಾನೆ.

ವೆಬ್‌ಸೈಟುಗಳನ್ನು ನಂಬಿ ಕೆಟ್ಟೆವು, ಬ್ರೌಸರೇ ಕಾವಲಿಗೆ ನಿಲ್ಲಲಿ ಎಂದು ದೊಡ್ಡವರು ನಿರ್ಧರಿಸಿದರು. 2009ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8ರೊಳಗೆ ಮೈಕ್ರೋಸಾಫ್ಟ್ ಒಬ್ಬ ಖಾಸಾ ಫಿಲ್ಟರಪ್ಪನನ್ನು ಕೂರಿಸಿತು. ಅನುಮಾನ ಬಂದ ಪದದೊಳಗಿನ ಒಂದು ಅಕ್ಷರವನ್ನು # ಮಾಡಿ ಅದನ್ನು ನಿರ್ವೀರ್ಯಗೊಳಿಸುವುದು ಆತನ ತಂತ್ರ. 2010ರ ಬ್ಲ್ಯಾಕ್ ಹ್ಯಾಟ್ ಯುರೋಪ್ ಎಂಬ ಭದ್ರತಾ ಸಮಾವೇಶದಲ್ಲಿ ಇಬ್ಬರು ಸಂಶೋಧಕರು ತೋರಿಸಿದ್ದೇನು? ಈ ತಿದ್ದುಪಡಿಯನ್ನೇ ಉಪಯೋಗಿಸಿಕೊಂಡು, ಯಾವ ತೂತೂ ಇಲ್ಲದ ಒಳ್ಳೆಯ ಪುಟಗಳಲ್ಲೂ ಕೋಡ್ ಓಡಿಸಬಹುದು! ಬೇಲಿಯೇ ಎದ್ದು ಹೊಲ ಮೇಯಿತು. ಗೂಗಲ್ ಸಂಸ್ಥೆಯಂತೂ ತನ್ನ ಪುಟಗಳ ಜೊತೆ ‘ದಯವಿಟ್ಟು ನಮ್ಮನ್ನು ಕಾಪಾಡಬೇಡಿ’ ಎಂಬ ಸೂಚನೆಯನ್ನೇ ಕಳಿಸುತ್ತಿತ್ತು. ಅದೇ ಗೂಗಲ್ 2010ರಲ್ಲಿ ಕ್ರೋಮ್ ಬ್ರೌಸರಿನೊಳಗೆ ‘ಎಕ್ಸ್‌ಎಸ್‌ಎಸ್ ಆಡಿಟರ್’ (ಎಕ್ಸ್‌ಎಸ್‌ಎಸ್ ಎಂದರೆ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್) ಎಂಬ ಹೆಸರಿನಲ್ಲಿ ತನ್ನದೇ ಕಾವಲುಗಾರನನ್ನು ಇಟ್ಟುಕೊಂಡಿತು. ಅವನು ಕಳ್ಳರನ್ನು ಬಿಡುತ್ತಾನೆ, ಸಂಭಾವಿತರನ್ನು ತಡೆಯುತ್ತಾನೆ, ಜೊತೆಗೆ ಮನೆಯ ಗುಟ್ಟು ಹೊರಗೆ ಹೇಳುತ್ತಾನೆ ಎಂದು ಮತ್ತೆ ಮತ್ತೆ ಸಾಬೀತಾಯಿತು. 2019ರ ಕ್ರೋಮ್ 78ರಲ್ಲಿ ಅವನನ್ನು ಮನೆಗೆ ಕಳಿಸಿದರು. ಮೈಕ್ರೋಸಾಫ್ಟ್ ಅದಕ್ಕೂ ಮೊದಲೇ ಎಜ್ ಬ್ರೌಸರಿನಿಂದ ತನ್ನವನನ್ನು ಇಳಿಸಿತ್ತು. ಫೈರ್‌ಫಾಕ್ಸ್ ಇಂಥವರನ್ನು ನೇಮಿಸಿಕೊಂಡೇ ಇರಲಿಲ್ಲ. ಹತ್ತು ವರ್ಷ ಸಂಬಳ ತಿಂದ ಮೇಲೆ ಹುದ್ದೆಯೇ ಅನಗತ್ಯ ಎಂದು ತೀರ್ಮಾನವಾಗುವುದು ಸರ್ಕಾರಿ ಕಚೇರಿಯಲ್ಲಿ ಮಾತ್ರ ಎಂದು ನಾವು ತಿಳಿದಿದ್ದೆವು.

ಹಾಗಾದರೆ ಸೋಸುವುದೇ ತಪ್ಪೇ? ಸೋಸುವುದು ತಪ್ಪಲ್ಲ, ಹೆಸರು ನೋಡಿ ಸೋಸುವುದು ತಪ್ಪು. ಕೆಟ್ಟದ್ದರ ಪಟ್ಟಿ ಎಂದೂ ಮುಗಿಯುವುದಿಲ್ಲ, ಒಳ್ಳೆಯದರ ಪಟ್ಟಿ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಓದುಗರಿಗೆ ದಪ್ಪಕ್ಷರ, ಓರೆಯಕ್ಷರ, ಲಿಂಕು ಹಾಕಲು ಬಿಡಬೇಕೆಂದಿದ್ದರೆ ಅವರ ಪಠ್ಯವನ್ನು ಬ್ರೌಸರ್ ಓದುವ ಹಾಗೆಯೇ ಪೂರ್ತಿ ಓದಿ, ಬಿಡಿಸಿ, ಪಟ್ಟಿಯಲ್ಲಿ ಇರುವುದನ್ನು ಮಾತ್ರ ಇಟ್ಟುಕೊಂಡು ಹೊಸದಾಗಿ ಬರೆಯಬೇಕು. ಬರ್ಲಿನ್ನಿನ ಕ್ಯೂರ್53 ತಂಡದ ಡಾಮ್‌ಪ್ಯೂರಿಫೈ ಎಂಬ ಸಾಧನ ಇಂಥ ಕೆಲಸಕ್ಕಾಗಿಯೇ ಇದೆ, ಉಚಿತವಾಗಿಯೂ ಇದೆ. ಇದೂ ಸುಲಭವಲ್ಲ. 2018ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಇಂಥ ಸೋಸುವ ಸಾಧನವೊಂದರಲ್ಲಿ ಮಾಡಿದ ಸಣ್ಣ ಬದಲಾವಣೆಯಿಂದ ಅದರ ಹುಡುಕಾಟದ ಪುಟದಲ್ಲೇ ತೂತು ಬಿತ್ತು. ಸ್ಕ್ರಿಪ್ಟ್ ನಡೆಯದ ಸ್ಥಿತಿಯಲ್ಲಿ ಓದಿದಾಗ ಸಾಧುವಾಗಿ ಕಂಡ ಪಠ್ಯ, ಸ್ಕ್ರಿಪ್ಟ್ ನಡೆಯುವ ಪುಟದಲ್ಲಿ ಬೇರೆಯೇ ಆಗಿ ಬಿಚ್ಚಿಕೊಳ್ಳುತ್ತಿತ್ತು. ಜಪಾನಿನ ಸಂಶೋಧಕ ಮಸಾಟೊ ಕಿನುಗಾವಾ ಕಂಡುಹಿಡಿದ ಮೇಲೆ, 2019ರ ಫೆಬ್ರವರಿಯಲ್ಲಿ ಅದು ಮುಚ್ಚಿತು. ಪೂರ್ತಿ ಓದುವ ಪಂಡಿತರೇ ಎಡವುವ ಜಾಗದಲ್ಲಿ ಒಂದು ಸಾಲಿನ ವೈದ್ಯರ ಧೈರ್ಯ ಮೆಚ್ಚತಕ್ಕದ್ದೇ.

ಹೆಚ್ಚಿನ ಕಡೆ ಇಷ್ಟೂ ಬೇಕಿಲ್ಲ. ಹೆಸರು, ವಿಳಾಸ, ಅಭಿಪ್ರಾಯ ಇವು ಬರೀ ಮಾತು, ಬರೀ ಮಾತಾಗಿಯೇ ತೋರಿಸಿದರೆ ಮುಗಿಯಿತು. ಬಂದದ್ದನ್ನು ಬಂದ ಹಾಗೇ ಇಟ್ಟುಕೊಂಡು, ಪುಟದಲ್ಲಿ ತೋರಿಸುವ ಹೊತ್ತಿಗೆ ಕೋನಾವರಣ, ಉದ್ಧರಣ ಮುಂತಾದ ಬೆರಳೆಣಿಕೆಯ ಚಿಹ್ನೆಗಳನ್ನು ‘ಇದು ಚಿಹ್ನೆಯ ಚಿತ್ರ, ಅಪ್ಪಣೆಯಲ್ಲ’ ಎಂಬ ಸಂಕೇತವಾಗಿ ಬದಲಿಸುವುದು. ಇದಕ್ಕೆ ಎಸ್ಕೇಪ್ ಮಾಡುವುದು ಎನ್ನುತ್ತಾರೆ. ಪುಟದ ಒಡಲಲ್ಲಿ ಒಂದು ಬಗೆ, ಟ್ಯಾಗಿನೊಳಗೆ ಇನ್ನೊಂದು ಬಗೆ, ಲಿಂಕಿನಲ್ಲಿ ಮತ್ತೊಂದು ಬಗೆ. ಡಿ’ಸೋಜರ ಕೊಂಡಿ ಉಳಿಯುತ್ತದೆ, ಬೆಂಗಳೂರಿನ ವಿಳಾಸ ಉಳಿಯುತ್ತದೆ, ಪ್ರೇಮಿಯ ಹೃದಯವೂ ಉಳಿಯುತ್ತದೆ. ಸ್ಕ್ರಿಪ್ಟ್ ಟ್ಯಾಗ್ ಕೂಡ ಉಳಿದುಕೊಂಡು, ಹಲ್ಲಿಲ್ಲದೆ, ಓದುವ ಅಕ್ಷರವಾಗಿ ಕಾಣುತ್ತದೆ. ಪುಟ ಕಟ್ಟುವ ಇಂದಿನ ಸಾಧನಗಳು ಇದನ್ನು ಕೇಳದೆಯೇ ಮಾಡಿಕೊಡುತ್ತವೆ. ಅವುಗಳಲ್ಲಿ ಒಂದಾದ ರಿಯಾಕ್ಟ್‌ನಲ್ಲಂತೂ ಈ ರಕ್ಷಣೆಯನ್ನು ತಪ್ಪಿಸಿ ಕಚ್ಚಾ ಪಠ್ಯ ಸುರಿಯಬೇಕಾದರೆ ‘ಡೇಂಜರಸ್ಲಿ ಸೆಟ್ ಇನ್ನರ್ ಎಚ್‌ಟಿಎಂಎಲ್’ ಎಂದು ಕೈಯಾರೆ ಬರೆಯಬೇಕು. ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಯಂತೆ ಅದನ್ನೂ ಜನ ಓದುತ್ತಾರೆ, ಹಚ್ಚುತ್ತಾರೆ.

ಮದ್ದು ಗೊತ್ತಿದ್ದೂ ರೋಗ ಏಕೆ ಉಳಿದಿದೆ? ಎಸ್ಕೇಪ್ ಮಾಡಬೇಕಾದರೆ ಪಠ್ಯ ಎಲ್ಲೆಲ್ಲಿ ಹೊರಬೀಳುತ್ತದೆ ಎಂದು ಇಡೀ ಮನೆ ಹುಡುಕಬೇಕು. ಅಳಿಸುವ ಸಾಲಾದರೆ ಬಾಗಿಲಲ್ಲಿ ಒಂದು ಹಾಕಿದರೆ ಆಯಿತು, ಆಡಿಟರಿಗೆ ತೋರಿಸಲು ಸುಲಭ, ಮ್ಯಾನೇಜರಿಗೆ ಅರ್ಥವಾಗುವಷ್ಟು ಚಿಕ್ಕದು. ಪರಿಣಾಮವೂ ದಾಖಲೆಯಲ್ಲಿದೆ. ಸಾಫ್ಟ್‌ವೇರ್ ದೋಷಗಳ ಲೆಕ್ಕ ಇಡುವ ಅಮೆರಿಕದ ಮೈಟರ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ 25 ಅತಿ ಅಪಾಯಕಾರಿ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಈ ರೋಗಕ್ಕೇ. ಹೆಸರಿಟ್ಟು 24 ವರ್ಷವಾದ ಮೇಲೂ ಮೊದಲ ರ‍್ಯಾಂಕು!

ಆದ್ದರಿಂದ ಎಂಜಿನಿಯರ್ ಬಂಧುಗಳಲ್ಲಿ ಒಂದು ಬಿನ್ನಹ. ಜನರ ಹೆಸರು, ಊರು, ಮಾತು ಅಳಿಸುವ ಹಕ್ಕು ನಿಮಗಿಲ್ಲ, ಅವನ್ನು ಅಪಾಯವಿಲ್ಲದಂತೆ ತೋರಿಸುವ ಹೊಣೆ ಮಾತ್ರ ನಿಮ್ಮದು. ನಿಮ್ಮ ಕೋಡಿನಲ್ಲಿ ‘ಸ್ಕ್ರಿಪ್ಟ್’ ಹುಡುಕಿ ಅಳಿಸುವ ಸಾಲೊಂದು ಎಲ್ಲಾದರೂ ಕೂತಿದ್ದರೆ, ತೋರಿಸುವ ಕಡೆಯಲ್ಲೆಲ್ಲ ಎಸ್ಕೇಪ್ ಆಗುತ್ತಿದೆಯೇ ನೋಡಿಕೊಳ್ಳಿ, ಆಮೇಲೆ ಆ ಸಾಲನ್ನೇ ಅಳಿಸಿ. ಅಳಿಸಲೇಬೇಕಾದದ್ದು ಅದೊಂದೇ.